ನಿಮ್ಮ ವಿಮಾನದ ಕೆಳಗೆ ನಮ್ಮದೊಂದು ಶಾಲೆ ಇದೆ

ಬೀದರ್ ವಾಯುಪಡೆ ನೆಲೆಯ ಮುಖ್ಯಾಧಿಕಾರಿಗಳಿಗೆ,

ನಮಸ್ಕಾರ.

ನಮ್ಮಪ್ಪ ಹುಟ್ಟಿದ್ದು ಬೀದರ್ ಜಿಲ್ಲೆಯಲ್ಲಿ. ನಾನು ಹುಟ್ಟಿದ್ದು ಉಸ್ಮಾನಾಬಾದ್ ಜಿಲ್ಲೆಯಲ್ಲಿ. ನನ್ನ ಮಗ ಹುಟ್ಟಿದ್ದು ಲಾತೂರ್ ಜಿಲ್ಲೆಯಲ್ಲಿ. ಮೂವರೂ ಹುಟ್ಟಿದ್ದು ಒಂದೇ ಮನೆಯ ಒಂದೇ ಕೋಣೆಯಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಉದಗೀರ, ನಿಲಂಗಾ, ಅಹ್ಮದಪುರ ತಾಲೂಕುಗಳು ಬೀದರ್ ಜಿಲ್ಲೆಯಿಂದ ಕಳಚಿಕೊಂಡು ಮುಂಬಯಿ ರಾಜ್ಯಕ್ಕೆ ಹೋದವು. 1982ರಲ್ಲಿ ಲಾತೂರ್ ಬೇರೆ ಜಿಲ್ಲೆ ಆಯಿತು. ಮನೆ ಕದಲಲಿಲ್ಲ. ಮನೆಯೊಳಗಿನ ಕನ್ನಡವೂ ಕದಲಲಿಲ್ಲ.

ತಲೆ ಮೇಲಿನ ಸದ್ದೂ ಕದಲಲಿಲ್ಲ. ಅದು ನಿಮ್ಮದು. ಅದಕ್ಕೇ ಈ ಪತ್ರ.

ನಮ್ಮ ಹಳ್ಳಿ ಉದಗೀರ ತಾಲೂಕಿನಲ್ಲಿ, ಕರ್ನಾಟಕದ ಕಮಲನಗರದ ಕಡೆಗೆ ಇದೆ. ನಿಮ್ಮ ರನ್‌ವೇಯಿಂದ ನೆಟ್ಟಗೆ ಗೆರೆ ಎಳೆದರೆ ಐವತ್ತು ಚಿಲ್ಲರೆ ಕಿಲೋಮೀಟರ್. ಬಸ್ಸಿನಲ್ಲಿ ಬೀದರ್‌ಗೆ ಬರಲು ನಮಗೆ ಎರಡು ತಾಸು ಹಿಡಿಯುತ್ತದೆ. ಕಮಲನಗರದಲ್ಲಿ ಮುಂದಿನ ಬಸ್ಸು ತಪ್ಪಿದರೆ ಇನ್ನೂ ಜಾಸ್ತಿ. ನಿಮ್ಮ ಹಾಕ್ ಜೆಟ್ ವಿಮಾನ ಅಷ್ಟು ದೂರವನ್ನು ನಾಲ್ಕೈದು ನಿಮಿಷದಲ್ಲಿ ದಾಟುತ್ತದೆ. ಬರುವಾಗ ಗಡಿಯ ಚೆಕ್‌ಪೋಸ್ಟ್ ಅದನ್ನು ತಡೆಯುವುದಿಲ್ಲ.

ನಾನು ಜಿಲ್ಲಾ ಪರಿಷತ್ ಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸಿ ನಿವೃತ್ತನಾದವನು. ಕಲಿಸಿದ್ದು ಮರಾಠಿಯಲ್ಲಿ. ಮಕ್ಕಳು ತಮ್ಮತಮ್ಮಲ್ಲೇ ಜಗಳಾಡುತ್ತಿದ್ದದ್ದು ಕನ್ನಡದಲ್ಲಿ. ನಮ್ಮ ಕಡೆ ಹೀಗೆಯೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ದಖನಿ ಉರ್ದು. ಇದನ್ನು ನಾನು ಕನ್ನಡದಲ್ಲಿ ಏಕೆ ಬರೆಯುತ್ತಿದ್ದೇನೆ ಎಂದು ನೀವು ಕೇಳಬಹುದು. ನಿಮ್ಮ ಆಫೀಸಿನಲ್ಲಿ ಓದಿ ಹೇಳುವವರು ಸಿಗುತ್ತಾರೆ, ಆ ಚಿಂತೆ ನನಗಿಲ್ಲ. ಈ ಪತ್ರವನ್ನು ನಮ್ಮ ಕಡೆಯ ತಾಯಿ ತಂದೆಯರೂ ಓದಲಿ ಎಂಬುದು ನನ್ನ ಆಸೆ. ಓದಲು ಬಾರದವರಿಗೆ ಓದಿ ಹೇಳಿದರೂ ತಿಳಿಯಲಿ.

ಮೊದಲು ಸದ್ದಿನ ಮಾತು.

ನಮ್ಮ ಮುತ್ಯಾ ಹೇಳುತ್ತಿದ್ದ ಕತೆಯಲ್ಲಿ ವಿಮಾನ ಬರುವುದು ರಾತ್ರಿ ಹೊತ್ತು. ಹೈದರಾಬಾದ್ ನಿಜಾಮನ ರಜಾಕಾರರ ಕಾಲ. ದೀಪ ಆರಿಸಿ ಕೂತ ಊರಿನ ಮೇಲೆ ಗುಂಯ್ ಎಂದು ಹೋಗುತ್ತಿತ್ತಂತೆ. ಮುದುಕ ಕತೆ ಕಟ್ಟುತ್ತಾನೆ ಎಂದುಕೊಂಡಿದ್ದೆ. ದೊಡ್ಡವನಾದ ಮೇಲೆ ಓದಿದೆ: ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದವನು 1948ರಲ್ಲಿ ಕರಾಚಿಯಿಂದ ನಿಜಾಮನಿಗೆ ಕದ್ದು ಆಯುಧ ಸಾಗಿಸಿದ್ದ, ಅವನ್ನು ಇಳಿಸಿದ ಜಾಗಗಳಲ್ಲಿ ಬೀದರ್ ಕೂಡ ಒಂದು. ಆ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದು ಎಲ್ಲವೂ ಭಾರತದ ಕೈಗೆ ಬಂತು. ಮುತ್ಯಾನ ಕ್ಷಮೆ ಕೇಳಲು ಆಗ ಅವನು ಇರಲಿಲ್ಲ.

ನಾನು ಚಿಕ್ಕವನಿದ್ದಾಗ ಬೀದರ್‌ನಲ್ಲಿ ಎಲಿಮೆಂಟರಿ ಫ್ಲೈಯಿಂಗ್ ಸ್ಕೂಲ್ ಇತ್ತು. ಎಚ್‌ಟಿ-2 ಎಂಬ ಫ್ಯಾನಿನ ವಿಮಾನ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ್ದು. ಬಾವಿಯ ಮೇಲೆ ಡೀಸೆಲ್ ಇಂಜಿನ್ ಇಟ್ಟಂತೆ ಅದರ ಸದ್ದು. ಎತ್ತು ಕೂಡ ತಲೆ ಎತ್ತುತ್ತಿರಲಿಲ್ಲ. ಆಮೇಲೆ ಕಿರಣ್ ಬಂತು. ಅದೂ ಎಚ್‌ಎಎಲ್‌ನದೇ, ಆದರೆ ಜೆಟ್. ಸೀಟಿ ಊದಿಕೊಂಡು ಹೋಗುತ್ತಿತ್ತು. 1996ರಲ್ಲಿ ನಿಮ್ಮಲ್ಲೇ ಸೂರ್ಯಕಿರಣ್ ತಂಡ ಹುಟ್ಟಿತು. ಊರೂರು ಸುತ್ತಿ ಆಟ ತೋರಿಸುವ ತಂಡ. ದಿಲ್ಲಿಯವರು ಟಿಕೆಟ್ಟು, ಪಾಸು ಅಂತ ಓಡಾಡಿ ನೋಡಿದ್ದನ್ನು ಬೀದರ್ ಸುತ್ತಿನ ಕುರಿ ಕಾಯುವ ಹುಡುಗರು ತಾಲೀಮಿನಲ್ಲೇ ನೋಡಿ ಮುಗಿಸಿದ್ದರು.

ಆ ಆಟದ ಬೆಲೆಯೂ ನಮಗೆ ಗೊತ್ತು. 2006ರ ಮಾರ್ಚ್‌ನಲ್ಲಿ ಬೀದರ್ ಬಳಿ ಸೂರ್ಯಕಿರಣ್ ವಿಮಾನ ಬಿದ್ದು ಇಬ್ಬರು ಪೈಲಟ್‌ಗಳು ಹೋದರು. 2009ರ ಜನವರಿಯಲ್ಲಿ ಮತ್ತೊಬ್ಬರು. ಆ ಎರಡೂ ಸಲ ನಮ್ಮೂರ ಗುಡಿಯ ಕಟ್ಟೆಯ ಮೇಲೆ ಜನ ದನಿ ತಗ್ಗಿಸಿ ಮಾತಾಡಿದರು. ಮುಖ ನೋಡದವರ ಸಾವಿಗೆ ನಮ್ಮ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಿಮಗೆ ಇದು ತಿಳಿದಿರಲಿ ಎಂದು ಬರೆದೆ.

ಇನ್ನು ನಮ್ಮವ್ವನ ಕಿವಿಯ ಕತೆ. 1993ರ ಸೆಪ್ಟೆಂಬರ್ 30. ಹಿಂದಿನ ದಿನ ಗಣಪತಿ ಕಳಿಸಿ ದಣಿದು ಮಲಗಿದ ರಾತ್ರಿ. ಬೆಳಗಿನ ಜಾವ ನಾಲ್ಕಾಗಲು ಇನ್ನೂ ಕೆಲವು ನಿಮಿಷ ಇರುವಾಗ ಭೂಮಿ ನಡುಗಿತು. ಕಿಲ್ಲಾರಿ ನಮ್ಮದೇ ಜಿಲ್ಲೆ, ಔಸಾ ತಾಲೂಕು. ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೆಯೇ ಕುಸಿದವು. ಸುತ್ತಿನ ಹಳ್ಳಿಗಳಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. ನಮ್ಮೂರಲ್ಲಿ ಗೋಡೆ ಬಿರುಕು ಬಿಟ್ಟವು, ಅಷ್ಟೇ. ಆದರೆ ನಮ್ಮವ್ವನ ಕಿವಿ ಅಂದಿನಿಂದ ಬೇರೆ ಆಯಿತು. ಎರಡು ಕಿರಣ್ ಜೋಡಿಯಾಗಿ ತಗ್ಗಿನಲ್ಲಿ ಹೋದರೆ ಅಟ್ಟದ ಮೇಲಿನ ಪಾತ್ರೆ ಗಲಗಲ ಎನ್ನುತ್ತಿದ್ದವು. ಅವ್ವ ಹಂಚಿನ ಮೇಲಿನ ರೊಟ್ಟಿ ಅಲ್ಲೇ ಬಿಟ್ಟು, ಮೊಮ್ಮಗನನ್ನು ಎಳೆದುಕೊಂಡು ಅಂಗಳಕ್ಕೆ ಓಡುತ್ತಿದ್ದಳು. ಎಷ್ಟು ರೊಟ್ಟಿ ಸುಟ್ಟು ಕರಿಯಾದವೋ ಲೆಕ್ಕವಿಲ್ಲ. ಆ ಹೆದರಿಕೆ ಇಳಿಯಲು ಎರಡು ವರ್ಷ ಹಿಡಿಯಿತು ಅವಳಿಗೆ. ಆಮೇಲೆ ಅವಳೇ ಒಂದು ಲೆಕ್ಕ ಕಂಡುಕೊಂಡಳು. ಮೊಮ್ಮಕ್ಕಳಿಗೆ ಅದನ್ನೇ ಹೇಳುತ್ತಿದ್ದಳು: "ಮ್ಯಾಲಿಂದ ಬಂದ್ರ ಇಮಾನ, ಕಾಲಾಗಿಂದ ಬಂದ್ರ ಭೂಕಂಪ. ಕಾಲಾಗಿಂದ ಬಂದ್ರ ಓಡ್ರಿ."

ಇದನ್ನು ದೂರು ಎಂದು ಓದಬೇಡಿ. ಸದ್ದು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಕಲಿಯುವವರು ಎಲ್ಲೋ ಒಂದು ಕಡೆ ಕಲಿಯಬೇಕು, ಅಲ್ವಾ? ಸದ್ದನ್ನು ನಾನೇ ಎಷ್ಟೋ ಸಲ ಪಾಠಕ್ಕೆ ಬಳಸಿಕೊಂಡಿದ್ದೇನೆ. ವಿಮಾನ ಬಂದರೆ ಇಡೀ ಕ್ಲಾಸು ಕಿಟಕಿಗೆ ಓಡುತ್ತಿತ್ತು. ಬೈದು ಕೂರಿಸುವ ಬದಲು ಹೊರಗೇ ಕರೆದುಕೊಂಡು ಹೋಗುತ್ತಿದ್ದೆ. ಸದ್ದು ಬಂದ ಕಡೆ ನೋಡಿರಿ, ವಿಮಾನ ಇದೆಯೇ? ಇಲ್ಲ. ಅದು ಆಗಲೇ ಮುಂದೆ ಹೋಗಿದೆ. ಮೂರು ಕಿಲೋಮೀಟರ್ ಮೇಲಿನಿಂದ ಸದ್ದು ನಮ್ಮ ಕಿವಿಗೆ ಇಳಿಯಲು ಒಂಬತ್ತು ಸೆಕೆಂಡು ಬೇಕು. ಅಷ್ಟರಲ್ಲಿ ವಿಮಾನ ಹೆಚ್ಚುಕಡಿಮೆ ಎರಡು ಕಿಲೋಮೀಟರ್ ಸಾಗಿರುತ್ತದೆ. ಲೆಕ್ಕ ಮಾಡಿ. ಪುಸ್ತಕದಲ್ಲಿ ಯಾರಿಗೂ ಹತ್ತದ ಶಬ್ದವೇಗದ ಪಾಠ ಅಂಗಳದಲ್ಲಿ ಹತ್ತೇ ನಿಮಿಷಕ್ಕೆ ಹತ್ತುತ್ತಿತ್ತು. ಬಿಟ್ಟಿ ಪ್ರಯೋಗ. ಆ ಲೆಕ್ಕದಲ್ಲಿ ನಾನು ನಿಮಗೆ ಸಾಲಗಾರ.

ಮೇಲೆ ಏನು ನಡೆಯುತ್ತಿದೆ ಎಂಬುದು ಮಾತ್ರ ನಮ್ಮೂರಲ್ಲಿ ಬಹಳ ದಿನ ಯಾರಿಗೂ ಗೊತ್ತಿರಲಿಲ್ಲ. ಕೆಲವರು ಅದು ಪಹರೆ ಅಂದರು. ಕೆಲವರು ಸಾಹೇಬರ ತಿರುಗಾಟ ಅಂದರು. ಅದು ಶಾಲೆ ಎಂದು, ಮುಂದಿನ ಸೀಟಿನಲ್ಲಿ ಕೂತವರು ನಮ್ಮ ಹುಡುಗರಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಾದ ವಿದ್ಯಾರ್ಥಿಗಳು ಎಂದು ನಾನೇ ತಡವಾಗಿ ತಿಳಿದೆ.

ತಿಳಿದದ್ದನ್ನು ಊರಿನವರಿಗಾಗಿ ಇಲ್ಲಿ ಬರೆಯುತ್ತೇನೆ, ನಿಮಗೆ ಇದೆಲ್ಲ ಗೊತ್ತಿರುವುದೇ. ಪೈಲಟ್ ಆಗುವವರು ಮೊದಲು ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿಯಲ್ಲಿ ಪಿಲಾಟಸ್ ಎಂಬ ಸ್ವಿಸ್ ವಿಮಾನದಲ್ಲಿ ಹಾರಲು ಕಲಿಯುತ್ತಾರೆ. ಆಮೇಲೆ ದಾರಿ ಕವಲೊಡೆಯುತ್ತದೆ. ಸಾಗಣೆ ವಿಮಾನದವರು ಯಲಹಂಕಕ್ಕೆ, ಹೆಲಿಕಾಪ್ಟರ್‌ನವರು ಹಕೀಂಪೇಟೆಗೆ. ಫೈಟರ್ ಪೈಲಟ್ ಆಗುವವರು ಹಾಕ್‌ಗೆ, ಅಂದರೆ ಬೀದರ್‌ಗೆ.

ಈ ಹಾಕ್ ಬರುವ ಮುಂಚೆ ಏನಾಗುತ್ತಿತ್ತು? ಕಿರಣ್ ಕಲಿತ ಹುಡುಗನನ್ನು ಮಿಗ್-21 ಎಂಬ ಯುದ್ಧವಿಮಾನಕ್ಕೆ ಹತ್ತಿಸುತ್ತಿದ್ದರು. ಲೂನಾ ಕಲಿತವನ ಕೈಗೆ ಒಮ್ಮೆಗೇ ಬುಲೆಟ್ ಕೊಟ್ಟಂತೆ. ಮಿಗ್ ಇಳಿಯುವಾಗಲೂ ತಾಸಿಗೆ ಮುನ್ನೂರು ಕಿಲೋಮೀಟರ್ ಆಸುಪಾಸಿನ ವೇಗ. ಹುಡುಗರು ಸತ್ತರು. ಒಬ್ಬಿಬ್ಬರಲ್ಲ. ನಡುವೆ ಒಂದು ಮೆಟ್ಟಿಲು ಬೇಕು, ಒಳ್ಳೆಯ ಟ್ರೇನರ್ ಜೆಟ್ ಬೇಕು ಎಂದು ಏರ್ ಮಾರ್ಷಲ್ ಲಾ ಫಾಂಟೇನ್ ಅವರ ಸಮಿತಿ 1982ರಲ್ಲೇ ಹೇಳಿತು. ಕರಾರಿಗೆ ಸಹಿ ಬಿದ್ದದ್ದು 2004ರಲ್ಲಿ. ಇಪ್ಪತ್ತೆರಡು ವರ್ಷ! ನಮ್ಮ ಹಳ್ಳದ ಸೇತುವೆ ತಡವಾಯಿತು ಎಂದು ನಾವು ಗೊಣಗುತ್ತೇವೆ. ಮೊದಲ ಕರಾರು 66 ವಿಮಾನಗಳದ್ದು. 24 ಇಂಗ್ಲೆಂಡಿನಲ್ಲಿ, 42 ಬೆಂಗಳೂರಿನಲ್ಲಿ. 2008ರ ಫೆಬ್ರವರಿಯಲ್ಲಿ ಹಾಕ್ ವಾಯುಪಡೆಗೆ ಸೇರಿದ ಸಮಾರಂಭ ನಡೆದದ್ದು ನಿಮ್ಮ ಅಂಗಳದಲ್ಲೇ. ಆ ಮಿಗ್-21ಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಚಂಡೀಗಡದಲ್ಲಿ ವಿದಾಯ ಹೇಳಿದರು. ಟಿವಿಯಲ್ಲಿ ನೋಡಿದೆ.

ಹೀಗೆ ಎಲ್ಲ ಗೊತ್ತಿದ್ದವನಂತೆ ಬರೆಯುತ್ತಿದ್ದೇನೆ. ಗೊತ್ತಿರಬೇಕಾದ ಕಾಲಕ್ಕೆ ಗೊತ್ತಿರಲಿಲ್ಲ. ಆ ಕತೆ ಹೇಳುವುದಕ್ಕೇ ಈ ಪತ್ರಕ್ಕೆ ಕೂತದ್ದು.

ನನ್ನ ಹತ್ತಿರ ಒಬ್ಬ ಹುಡುಗ ಕಲಿತ. ಎತ್ತರದ ಹುಡುಗ. ಗಣಿತ ಎಂದರೆ ಅವನಿಗೆ ಆಟ. ಹಾಕ್ ಬಂದರೆ ಕಣ್ಣು ಮುಚ್ಚಿಕೊಂಡೇ ಬಂದದ್ದು ಒಂದೋ ಎರಡೋ ಹೇಳುತ್ತಿದ್ದ. 2011ರಲ್ಲಿ ಹತ್ತನೇ ಪಾಸಾಗಿ ಮಾರ್ಕ್ಸ್‌ಕಾರ್ಡ್ ಹಿಡಿದು ಅವರಪ್ಪನ ಜೊತೆ ನಮ್ಮ ಮನೆಗೆ ಬಂದ. ಹನ್ನೊಂದನೇ ಕ್ಲಾಸಿಗೆ ಯಾವ ಗ್ರೂಪ್ ತಗೊಳ್ಳಲಿ ಎಂದು ಕೇಳಿದ. ಮಹಾರಾಷ್ಟ್ರದಲ್ಲಿ ಎ ಗ್ರೂಪ್ ಅಂದರೆ ಗಣಿತ, ಬಿ ಗ್ರೂಪ್ ಅಂದರೆ ಜೀವಶಾಸ್ತ್ರ. ನಾನು ದೊಡ್ಡ ಮನುಷ್ಯನಂತೆ ಚಹಾ ಹೀರುತ್ತಾ ಹೇಳಿದೆ, ಬಿ ಗ್ರೂಪ್ ತಗೋ, ಡಾಕ್ಟರ್ ಆದರೆ ಊರಿಗೆ ಉಪಕಾರ. ಅವರಪ್ಪ ತಲೆಯಾಡಿಸಿದ. ಹುಡುಗ ಏನೋ ಹೇಳಲು ಬಾಯಿ ತೆರೆದ, ಹೇಳಲಿಲ್ಲ.

ಎರಡು ವರ್ಷ ಬಿಟ್ಟು ಒಂದು ಪೇಪರ್ ಕಟಿಂಗ್ ಹಿಡಿದು ಬಂದ. ಎನ್‌ಡಿಎ ಪರೀಕ್ಷೆಯ ಜಾಹೀರಾತು. ಹನ್ನೆರಡನೇ ಮುಗಿಸಿದವರನ್ನು ಸೇನೆಯ ಅಧಿಕಾರಿಗಳಾಗಲು ಆರಿಸುವ ಪರೀಕ್ಷೆ ಅದು.

"ಸರ, ಇದಕ ಹನ್ನೆರಡನೇತ್ತದಾಗ ಗಣಿತ ಬೇಕಂತಲ್ರಿ?"

ಓದಿ ನೋಡಿದೆ. ಹೌದು, ಸೇನೆಯ ಭೂದಳಕ್ಕಾದರೆ ಯಾವ ವಿಷಯವಾದರೂ ನಡೆಯುತ್ತದೆ. ವಾಯುಪಡೆಗೆ ಹನ್ನೆರಡನೆಯಲ್ಲಿ ಫಿಸಿಕ್ಸ್ ಮತ್ತು ಗಣಿತ ಇರಲೇಬೇಕು. ಡಿಗ್ರಿ ಮುಗಿಸಿ ಆಫ್‌ಕ್ಯಾಟ್ ಎಂಬ ವಾಯುಪಡೆಯ ಪರೀಕ್ಷೆ ಬರೆದು ಹೋಗುತ್ತೇನೆ ಅಂದರೂ ಅಲ್ಲಿಯೂ ಅದೇ ಮಾತು. ಮೂರು ವರ್ಷ ಅವನಿಗೆ ಗಣಿತ ಕಲಿಸಿದವನು ನಾನು. ಅವನ ಕೈಯಿಂದ ಗಣಿತ ಬಿಡಿಸಿದವನೂ ನಾನೇ. ಅವನ ಎದುರು ಏನು ಹೇಳಿದೆನೋ ಈಗ ನೆನಪಿಲ್ಲ. ನೀರು ತರುತ್ತೇನೆ ಎಂದು ಎದ್ದು ಒಳಗೆ ಹೋದದ್ದು ನೆನಪಿದೆ.

ಹುಡುಗ ಹಾಳಾಗಲಿಲ್ಲ, ಚೆನ್ನಾಗಿದ್ದಾನೆ. ಡಿ ಫಾರ್ಮಸಿ ಮಾಡಿ ಮೆಡಿಕಲ್ ಇಟ್ಟಿದ್ದಾನೆ. ನನ್ನ ಬಿಪಿ ಗುಳಿಗೆಗೆ ಡಿಸ್ಕೌಂಟ್ ಕೊಡುತ್ತಾನೆ. ವಿಮಾನ ತಪ್ಪಿಸಿದ ಗುರೂಜಿಗೆ ಸ್ಪೆಷಲ್ ರೇಟು ಎಂದು ನಗುತ್ತಾನೆ. ನಾನೂ ನಗುತ್ತೇನೆ.

ಅವತ್ತಿನಿಂದ ಹುಚ್ಚು ಹಿಡಿದವನಂತೆ ತಿಳಿದುಕೊಳ್ಳಲು ಶುರು ಮಾಡಿದೆ. ಸಂಭಾಜಿನಗರದಲ್ಲಿ, ಅಂದರೆ ಹಿಂದಿನ ಔರಂಗಾಬಾದ್‌ನಲ್ಲಿ, ಮಹಾರಾಷ್ಟ್ರ ಸರ್ಕಾರದ್ದೇ ಒಂದು ಸಂಸ್ಥೆ 1977ರಿಂದ ಇದೆ. ಹತ್ತನೇ ಮುಗಿಸುವ ಹುಡುಗರನ್ನು ಆರಿಸಿ ಎರಡು ವರ್ಷ ಇಟ್ಟುಕೊಂಡು ಎನ್‌ಡಿಎಗೆ ತಯಾರು ಮಾಡುತ್ತದೆ. ನಮ್ಮ ಊರಿನಿಂದ ಒಂದು ರಾತ್ರಿಯ ಪ್ರಯಾಣವೂ ಅಲ್ಲ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನನಗೆ ಅದರ ಹೆಸರು ಗೊತ್ತಿರಲಿಲ್ಲ. ಈಗ ನಾಸಿಕದಲ್ಲಿ ಹುಡುಗಿಯರಿಗೂ ಅಂಥದ್ದು ಶುರುವಾಗಿದೆ. ಸೈನಿಕ ಶಾಲೆಗಳ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಮರಾಠಿಯಲ್ಲೂ ಬರೆಯಬಹುದು. ನಮಗೆ ಮಾತಿನಿಂದ ಹತ್ತಿರ ವಿಜಯಪುರದ ಸೈನಿಕ ಶಾಲೆ. ಆದರೆ ನೂರಕ್ಕೆ 67 ಸೀಟು ಆ ರಾಜ್ಯದ ಮಕ್ಕಳಿಗೆ. ಅಲ್ಲಿ ನಾವು ಹೊರಗಿನವರು, ನಮ್ಮದು ಸಾತಾರಾ. ಕಾಗದದಲ್ಲಿ ನಾವು ಯಾವ ಕಡೆಯವರು ಎಂದು ಹೀಗೆ ಆಗಾಗ ನೆನಪಾಗುತ್ತದೆ. ಬೀದರ್‌ನವರಿಗೆ ನಾವು ಮಹಾರಾಷ್ಟ್ರದವರು. ಲಾತೂರಿನವರಿಗೆ ನಾವು ಕಾನಡಿ.

ನಡುವೆ ಒಂದು ತಮಾಷೆ. ಪೈಲಟ್ ಆಗಲು ಕಾಲಿನ ಉದ್ದಕ್ಕೂ ಅಳತೆ ಇದೆ ಎಂದು ಓದಿದ ದಿನ ಟೇಲರ್ ಹತ್ತಿರ ಟೇಪು ಇಸಕೊಂಡು ಬಂದು ಒಂಬತ್ತನೇ ಕ್ಲಾಸಿನ ಮಕ್ಕಳನ್ನೆಲ್ಲ ಗೋಡೆಗೆ ನಿಲ್ಲಿಸಿದೆ. ಎತ್ತರ ಕನಿಷ್ಠ 162.5 ಸೆಂಟಿಮೀಟರ್. ಕಾಲು 99ಕ್ಕೆ ಕಡಿಮೆ ಇರಬಾರದು, 120 ದಾಟಬಾರದು. ತೊಡೆ 64 ದಾಟಬಾರದು. ಕೂತಾಗ ಆಸನದಿಂದ ನೆತ್ತಿಯವರೆಗೆ 81.5ರಿಂದ 96. ಏಕೆ ಎಂದು ಮಕ್ಕಳು ಕೇಳಿದರು. ಕಾಲು ಗಿಡ್ಡವಾದರೆ ಪೆಡಲ್ ಎಟುಕುವುದಿಲ್ಲ. ತೊಡೆ ಉದ್ದವಾದರೆ, ಅಪಾಯದಲ್ಲಿ ಸೀಟಿನ ಸಮೇತ ಹೊರಗೆ ಚಿಮ್ಮುವಾಗ ಮೊಣಕಾಲು ಮುಂದಿನ ಅಂಚಿಗೆ ಬಡಿಯುತ್ತದೆ. ಕ್ಲಾಸಿನ ಅತಿ ಗಿಡ್ಡ ಹುಡುಗ ಅಂದಿನಿಂದ ಬೇವಿನ ಮರಕ್ಕೆ ಜೋತು ಬೀಳಲು ಶುರು ಮಾಡಿದ. ಹದಿನಾಲ್ಕು ವರ್ಷದವರನ್ನು ಈಗಲೇ ಅಳೆಯಬಾರದು, ಇನ್ನೂ ಬೆಳೆಯುತ್ತಾರೆ ಎಂದು ನನ್ನ ಹೆಂಡತಿ ಬೈದಳು. ಅವಳ ಮಾತು ಸರಿ.

ಕಣ್ಣಿನದು ಅದಕ್ಕಿಂತ ದೊಡ್ಡ ಮಾತು. ದೂರದ ಬೋರ್ಡು ಮಸುಕಾಗಿ ಕಂಡರೂ ಎರಡು ವರ್ಷ ಯಾರಿಗೂ ಹೇಳದ ಮಕ್ಕಳು ನಮ್ಮಲ್ಲಿ ಇದ್ದಾರೆ. ಬಣ್ಣ ಸರಿಯಾಗಿ ಕಾಣದವರಿಗೆ ಅದು ಗೊತ್ತೇ ಇರುವುದಿಲ್ಲ. ಇನ್ನೊಂದು ಸಂಗತಿ ನನ್ನನ್ನು ದಂಗುಬಡಿಸಿತು. ಪೈಲಟ್ ಆಗುವ ಕೈಚಳಕ ಇದೆಯೇ ಎಂದು ನೋಡುವ ಕಂಪ್ಯೂಟರ್ ಪರೀಕ್ಷೆಗೆ ಜನ್ಮದಲ್ಲಿ ಒಂದೇ ಅವಕಾಶ. ಅದರಲ್ಲಿ ಫೇಲಾದವರು ಮತ್ತೆ ಫ್ಲೈಯಿಂಗ್ ಬ್ರಾಂಚಿಗೆ ಬರುವಂತಿಲ್ಲ. ಶಹರದ ಹುಡುಗ ಹತ್ತು ಜನರನ್ನು ಕೇಳಿ, ಜಾಯ್‌ಸ್ಟಿಕ್ ಹಿಡಿದು ಆಡಿ ರೂಢಿ ಮಾಡಿಕೊಂಡು ಹೋಗಿರುತ್ತಾನೆ. ನಮ್ಮವನು ಮೈಸೂರಿನ ಆಯ್ಕೆ ಕೇಂದ್ರದಲ್ಲೇ ಮೊದಲ ಸಲ ಅದನ್ನು ಮುಟ್ಟುತ್ತಾನೆ.

ಈಗ ನಮ್ಮ ಓಣಿಯಲ್ಲಿ ಒಂದು ಹುಡುಗಿ ಇದ್ದಾಳೆ. ಒಂಬತ್ತನೇ ಕ್ಲಾಸು. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನಿಮ್ಮ ವಿಮಾನಗಳ ಲೆಕ್ಕ ಬರೆಯುತ್ತಾಳೆ, ಎಷ್ಟು ಬಂದವು, ಯಾವ ಕಡೆ ಹೋದವು. ದಯವಿಟ್ಟು ಗೂಢಚಾರಿಣಿ ಎಂದುಕೊಳ್ಳಬೇಡಿ. ಆ ಹಾಳೆಯ ಇನ್ನೊಂದು ಬದಿಯಲ್ಲಿ ಹಾಲಿನ ಲೆಕ್ಕ ಇದೆ, ಅವರ ಮನೆಯಲ್ಲಿ ಎರಡು ದೇವಣಿ ಹಸು. ಮೊನ್ನೆ ಕೇಳಿದಳು, ಹಿಂದಿನ ಸೀಟು ಯಾಕೆ ಎತ್ತರ ಇದೆ ಎಂದು. ಹಿಂದೆ ಕೂತ ಗುರುಗಳಿಗೆ ವಿದ್ಯಾರ್ಥಿಯ ತಲೆ ಮೇಲಿಂದ ಮುಂದಿನ ದಾರಿ ಕಾಣಬೇಕಲ್ಲ, ಅದಕ್ಕೆ ಎಂದೆ. ಸ್ವಲ್ಪ ಯೋಚಿಸಿ ಮತ್ತೊಂದು ಕೇಳಿದಳು.

"ಕನ್ನಡ ಮಾತಾಡೋರು ಪೈಲಟ್ ಆಗ್ತಾರೇನ್ರಿ ಮುತ್ಯಾ?"

ಈ ಸಲ ನನಗೆ ಉತ್ತರ ಗೊತ್ತಿತ್ತು. ಕೊಡಗಿನ ಅಜ್ಜಮಾಡ ದೇವಯ್ಯನವರ ಕತೆ ಹೇಳಿದೆ. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿ. ತಮ್ಮ ಮಿಸ್ಟೀರ್ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವನ್ನು ಕೆಡವಿ ತಾವೂ ಹಿಂತಿರುಗಲಿಲ್ಲ. ಮಹಾವೀರ ಚಕ್ರ ಬಂದದ್ದು 23 ವರ್ಷ ಬಿಟ್ಟು, 1988ರಲ್ಲಿ. ಅವಳಿಗೆ ಅದು ಬಹಳ ಹಳೆಯ ಕತೆ ಅನ್ನಿಸಿತು. ಚಿಕ್ಕಮಗಳೂರಿನ ಮೇಘನಾ ಶಾನಭೋಗ್ 2017ರ ಡಿಸೆಂಬರ್‌ನಲ್ಲಿ ದುಂಡಿಗಲ್‌ನಿಂದ ಫೈಟರ್ ದಾರಿ ಹಿಡಿದು ಹೊರಬಂದರು ಎಂದಾಗ ಕಣ್ಣು ಅರಳಿದವು. 2016ರ ಜೂನ್ 18ರಂದು ದೇಶದ ಮೊದಲ ಮೂವರು ಹೆಣ್ಣು ಫೈಟರ್ ಪೈಲಟ್‌ಗಳು ಅಧಿಕಾರಿಗಳಾದರು. ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್. ಅಲ್ಲಿಂದ ಅವರು ಹಾಕ್ ಕಲಿಯಲು ಬಂದದ್ದು ಬೀದರ್‌ಗೇ. ಆ ವರ್ಷ ನಮ್ಮ ತೊಗರಿ ಹೊಲದ ಮೇಲೆ ಹಾರಿದವರಲ್ಲಿ ಅವರೂ ಇದ್ದಿರಬಹುದು ಎಂದೆ. "ಆಗ ನಾ ಎಲ್ಲಿದ್ದೆ?" ಅಂದಳು. ಬಾಲವಾಡಿಗೆ ಹೋಗುವ ವಯಸ್ಸು ಆಗ ಅವಳಿಗೆ.

ಎನ್‌ಡಿಎ ಬಾಗಿಲೂ ಹುಡುಗಿಯರಿಗೆ ತೆರೆದಿದೆ. ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು, ಮೊದಲ ತಂಡ 2025ರ ಮೇನಲ್ಲಿ ಹೊರಬಂತು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಗಣಿತಕ್ಕೆ 300 ಅಂಕ, ಸಾಮಾನ್ಯ ಜ್ಞಾನ ಮತ್ತು ಇಂಗ್ಲಿಷ್ ಸೇರಿ 600, ಸಂದರ್ಶನಕ್ಕೆ 900. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನಮ್ಮ ಮಗು ಮನೆಯ ಕನ್ನಡದಿಂದ ಶಾಲೆಯ ಮರಾಠಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗಬೇಕು. ಕಷ್ಟವೇ, ಆದರೂ ಆಗದ್ದಲ್ಲ. ಬೆಳಗಿನ ಕಾಕಡಾರತಿಯಿಂದ ರಾತ್ರಿಯ ಸೀರಿಯಲ್ ತನಕ ಮೂರು ಭಾಷೆಯಲ್ಲಿ ಬದುಕುವ ಮಕ್ಕಳಿಗೆ ನಾಲ್ಕನೆಯದು ಕಲಿಯುವುದು ಅಂಥ ದೊಡ್ಡದಲ್ಲ. ತೊಂದರೆ ಇರುವುದು ಬೇರೆ ಕಡೆ. ಪರೀಕ್ಷೆ ಬರೆಯುವುದು ಹದಿನೇಳಕ್ಕೆ. ದಾರಿ ಆರಿಸಿಕೊಳ್ಳುವುದು ಹದಿನೈದಕ್ಕೆ, ಹತ್ತನೇ ರಿಸಲ್ಟ್ ಬಂದ ವಾರದಲ್ಲಿ, ನನ್ನಂಥ ಒಬ್ಬನ ಪಡಸಾಲೆಯಲ್ಲಿ. ಆ ವಾರದೊಳಗೆ ಗೊತ್ತಾಗದಿದ್ದರೆ ಆಮೇಲೆ ಗೊತ್ತಾಗಿ ಉಪಯೋಗವಿಲ್ಲ.

ನನ್ನ ಕೋರಿಕೆ ಇಷ್ಟೇ. ಪ್ರತಿ ವರ್ಷ ಒಂಬತ್ತನೇ, ಹತ್ತನೇ ಮಕ್ಕಳ ಹತ್ತಿರಕ್ಕೆ ನಿಮ್ಮವರು ಒಬ್ಬರು ಬರಲಿ. ಬೀದರ್ ಶಹರದಲ್ಲಿ ಮಾತ್ರವಲ್ಲ, ನಿಮ್ಮ ವಿಮಾನ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ. ಔರಾದ್, ಭಾಲ್ಕಿ, ಗಡಿ ದಾಟಿ ಉದಗೀರ, ದೇವಣಿ, ನಿಲಂಗಾ. ಆ ಕಡೆ ಜಹೀರಾಬಾದ್, ನಾರಾಯಣಖೇಡ ಕೂಡ. ಅವೂ ಒಂದು ಕಾಲಕ್ಕೆ ಬೀದರ್ ಜಿಲ್ಲೆಯವೇ. ವಾಯುಪಡೆಯಲ್ಲಿ ದಿಶಾ ಎಂಬ ವಿಭಾಗ ಇದೆ, ಒಳಗೆ ಸಿಮ್ಯುಲೇಟರ್ ಇಟ್ಟ ಅದರ ಪ್ರಚಾರ ವಾಹನ ಶಾಲೆ ಕಾಲೇಜುಗಳಿಗೆ ಹೋಗುತ್ತದೆ ಎಂದು ಓದಿದ್ದೇನೆ. ಅದು ಒಮ್ಮೆ ನಮ್ಮ ಕಡೆ ತಿರುಗಲಿ. ನಮ್ಮ ಮಕ್ಕಳು ಜಾಯ್‌ಸ್ಟಿಕ್ ಅನ್ನು ಜನ್ಮದ ಒಂದೇ ಅವಕಾಶದ ದಿನಕ್ಕೆ ಮುಂಚೆ ಒಂದು ಸಲವಾದರೂ ಹಿಡಿಯಲಿ.

ಜೊತೆಗೆ ಒಂದು ಹಾಳೆ ಬೇಕು. ಒಂದು ಬದಿಯಲ್ಲಿ ಕನ್ನಡ, ಇನ್ನೊಂದು ಬದಿಯಲ್ಲಿ ಮರಾಠಿ. ಹತ್ತನೇ ಆದ ಮೇಲೆ ಗಣಿತ ಬಿಡಬೇಡಿ ಎಂದು ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ಇರಲಿ. ಕಣ್ಣು ತೋರಿಸಿಕೊಳ್ಳಿ ಎಂಬುದು ಎರಡನೇ ಸಾಲು. ಅಗ್ನಿವೀರ ಬೇರೆ, ಪೈಲಟ್ ಬೇರೆ ಎಂಬುದೂ ಇರಲಿ. ಜನ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಭಾಷೆ ಸರಳ ಇರಲಿ. ಬೇಕಾದರೆ ನಾನೇ ಬರೆದು ಕೊಡುತ್ತೇನೆ, ನೀವು ತಪ್ಪು ತಿದ್ದಿದರೆ ಸಾಕು. ನನಗೆ ಈಗ ಬೇರೆ ಕೆಲಸವೂ ಇಲ್ಲ.

ರಾತ್ರಿ ಹಾರಾಟ ಇರುವ ವಾರ ನಮ್ಮೂರ ಪೊಲೀಸ್ ಪಾಟೀಲರಿಗೆ ಒಂದು ಮೆಸೇಜ್ ಬಂದರೆ ಒಳ್ಳೆಯದು. ನಮ್ಮವ್ವ ಈಗ ಇಲ್ಲ. ಆದರೆ 1993 ನೋಡಿದ ಮುದುಕಿಯರು ಇನ್ನೂ ಇದ್ದಾರೆ.

ಸುಮ್ನೆ ಕೇಳುವುದಷ್ಟೇ ಅಲ್ಲ, ನಮ್ಮ ಕಡೆಯಿಂದಲೂ ಒಂದು ಮಾತು ಕೊಡುತ್ತೇವೆ. ಹಾಕ್‌ಗೆ ಇರುವುದು ಒಂದೇ ಇಂಜಿನ್. ಒಂದು ಹದ್ದು ಒಳಗೆ ಹೋದರೆ ಏನಾಗಬಹುದು ಎಂದು ಊರಿನವರಿಗೆ ಹೇಳಿದ್ದೇನೆ. ವಿಮಾನ ನಿಲ್ದಾಣದಿಂದ ಹತ್ತು ಕಿಲೋಮೀಟರ್ ಒಳಗೆ ಕಸ, ಪ್ರಾಣಿಗಳ ಕಳೇಬರ ಹಾಕಬಾರದು ಎಂದು ಕಾನೂನು ಇದೆ. ನಮ್ಮೂರು ಅದರಾಚೆ. ಆದರೆ ತಗ್ಗಿನಲ್ಲಿ ಹಾರುವ ಹುಡುಗನಿಗೆ ಕಾನೂನಿನ ಗೆರೆ ಕಾಣುವುದಿಲ್ಲ, ಹದ್ದಿಗೂ ಕಾಣುವುದಿಲ್ಲ. ಸತ್ತ ದನ ಹಳ್ಳದ ದಂಡೆಗೆ ಎಸೆಯುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಅಲ್ಲಿ ಸದಾ ಹದ್ದುಗಳು ಸುತ್ತುತ್ತವೆ. ಈ ವರ್ಷದಿಂದ ಹೂಳುವುದು ಎಂದು ಗ್ರಾಮಸಭೆಯಲ್ಲಿ ಮಾತಾಗಿದೆ. ಗುಂಡಿ ತೋಡುವ ಜೆಸಿಬಿ ಖರ್ಚು ಯಾರದು ಎಂಬ ಜಗಳ ಇನ್ನೂ ಮುಗಿದಿಲ್ಲ. ಮುಗಿಯುತ್ತದೆ.

ಬರುವುದಾದರೆ ಯಾವಾಗ ಬರಬೇಕು ಎಂದೂ ಹೇಳಿಬಿಡುತ್ತೇನೆ. ಮಳೆಗಾಲ ಬೇಡ, ಹಳ್ಳದ ಸೇತುವೆ ಮುಳುಗುತ್ತದೆ. ದೀಪಾವಳಿ ರಜೆ ಮುಗಿದ ಮೇಲೆ ಬನ್ನಿ. ಎಳ್ಳಮವಾಸ್ಯೆಯ ಹಿಂದುಮುಂದಿನ ವಾರ ಆದರೆ ಇನ್ನೂ ಒಳ್ಳೆಯದು. ಹೊಲದಲ್ಲಿ ಜೋಳದ ದಂಟಿನ ಗುಡಿಸಲು ಕಟ್ಟಿ ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ ಮಾಡಿರುತ್ತೇವೆ. ಊಟ ಮಾಡದೆ ಯಾರನ್ನೂ ಕಳಿಸುವ ಪದ್ಧತಿ ಇಲ್ಲ. ಶನಿವಾರ ಬೆಳಗಿನ ಶಾಲೆ, ಉಳಿದ ದಿನ ಹತ್ತೂವರೆಗೆ. ಕಮಲನಗರ ದಾಟಿ ಉದಗೀರ ರಸ್ತೆಗೆ ಬಂದರೆ ನಾನೇ ಫಾಟಕದ ಹತ್ತಿರ ಛತ್ರಿ ಹಿಡಿದು ನಿಂತಿರುತ್ತೇನೆ. ವಾಹನ ದೊಡ್ಡದಾದರೆ ಶಾಲೆಯ ಗೇಟಿನೊಳಗೆ ಹೋಗುವುದಿಲ್ಲ. ಗ್ರಾಮ ಪಂಚಾಯಿತಿ ಮುಂದಿನ ಬಯಲಿನಲ್ಲಿ ತಿರುಗಿಸಲು ಜಾಗ ಇದೆ. ತೊಗರಿ ರಾಶಿ ಹಾಕಿದ್ದರೆ ಒಂದು ದಿನ ಮುಂಚೆ ಹೇಳಿ, ತೆಗೆಸುತ್ತೇನೆ.

ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಾಲಾ ಮಾಸ್ತರ
ಉದಗೀರ ತಾಲೂಕು, ಲಾತೂರ್ ಜಿಲ್ಲೆ